ಕೇಳಿಸಿಕೊಳ್ಳುವವಳಿಗೆ ಎಷ್ಟು ಅಂಕ

ಮಾರ್ಚ್ 7, ಶನಿವಾರ. ಸಂಜೆ 6

ಒಂಬತ್ತನೇ ಕಂತು ಮುಗಿಯಿತು. ಎಂದಿನಂತೆ ಎರಡು ಸಲ ನೋಡಿದ್ದಾಯಿತು. ಮೊದಲ ಸಲ ಟೀವಿಯ ಕೆಳಗಡೆ ರಟ್ಟಿನ ಪಟ್ಟಿ ಅಂಟಿಸಿ, ಸಬ್‌ಟೈಟಲ್ ಮುಚ್ಚಿ, ಸೌಂಡ್ ಪೂರ್ತಿ ಮ್ಯೂಟ್. ಎರಡನೇ ಸಲ ಪಟ್ಟಿ ಕಿತ್ತು, ಸೌಂಡ್ ಕೊಟ್ಟು, ಸಬ್‌ಟೈಟಲ್ ನಾನು ಓದಿ ಹೇಳುತ್ತಾ. ನಟನೆಗೆ ಹತ್ತರಲ್ಲಿ ಕೊಡುವ ಅಂಕ ಮಾತ್ರ ಮೊದಲ ಸಲದ್ದಕ್ಕೇ. ಅಮ್ಮನ ಕಾನೂನು. ನಾಲ್ಕು ವರ್ಷದಿಂದ ಬದಲಾಗಿಲ್ಲ.

ಇದು ಪೂರ್ವ ಏಷ್ಯಾ ಕಡೆಯ ಸೀರಿಯಲ್ಲು. ಇಬ್ಬರಿಗೂ ಆ ಭಾಷೆ ಒಂದಕ್ಷರ ಬರುವುದಿಲ್ಲ. "ಬರದೇ ಇರೋದೇ ಒಳ್ಳೇದಾಯ್ತು. ಮಾತು ಕೇಳ್ತಾ ಕೂತ್ರೆ ಮುಖ ನೋಡೋದು ಬಿಟ್ಟುಹೋಗತ್ತೆ," ಅನ್ನುತ್ತಾಳೆ.

ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಟೇಪು ಸೊಂಟಕ್ಕೆ ಸುತ್ತಿದ ತಕ್ಷಣ ಗಿರಾಕಿಗಳೆಲ್ಲ ಉಸಿರೆಳೆದು ಹೊಟ್ಟೆ ಒಳಗೆ ಹಾಕುತ್ತಿದ್ದರು. ಅಮ್ಮ ಏನೂ ಅನ್ನುತ್ತಿರಲಿಲ್ಲ. ಮಕ್ಕಳು ಹೇಗಿದಾರೆ, ಬಸ್ ಸಿಕ್ತಾ ಅಂತ ಏನಾದರೂ ಕೇಳುವಳು. ಅವರು ಉತ್ತರ ಹೇಳುತ್ತಾ ಉಸಿರು ಬಿಟ್ಟಾಗ ಟೇಪು ನೋಡಿ ಬರೆದುಕೊಳ್ಳುವಳು. ಅದೇ ಕಣ್ಣು ಈಗ ಟೀವಿಯ ಮೇಲೆ.

ಇವತ್ತು ಹೇಳಿ ಬರೆಸಿದ್ದು: "ಛತ್ರಿ ಹುಡುಗಿ — ನಾಲ್ಕು. ಅಳೋ ಮುಂಚೆ ಉಸಿರು ಹಿಡ್ಕೊಂಡ್ಳು. ಅಳು ಬರತ್ತೆ ಅಂತ ಮೊದ್ಲೇ ಗೊತ್ತಿರೋರು ಹಿಡ್ಕೋತಾರೆ. ನಿಜವಾಗಿ ಬಂದಾಗ ಹಿಡ್ಕೊಳ್ಳೋಕೆ ಟೈಮ್ ಎಲ್ಲಿರತ್ತೆ?" (ಮೊದಲ ಕಂತಿನಲ್ಲಿ ಛತ್ರಿ ಹಿಡಿದು ಬಂದಳು. ಅಂದಿನಿಂದ ಅದೇ ಹೆಸರು.)

ಟೈಪ್ ಮಾಡಿ ವೀಕ್ಷಕರ ಗುಂಪಿಗೆ ಹಾಕಿದೆ. ಅಲ್ಲಿ ನಮ್ಮ ಹೆಸರು 'ಅಳತೆ ಟೇಪು'. ಯಾರೋ ನಾಟಕದ ಶಾಲೆಯ ದೊಡ್ಡ ಮನುಷ್ಯ ಅಂದುಕೊಂಡಿದ್ದಾರೆ. ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ, ಯಾರು ನಟಿಸಿದರೂ ಎಂಟು ಕೊಡುವವರು. ಐದೇ ನಿಮಿಷಕ್ಕೆ ಜಗಳಕ್ಕೆ ಬಂದರು. ಓದಿ ಹೇಳಿದೆ. ಅಮ್ಮ ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು...

ಬ್ರೆಡ್ಡು ಅರ್ಧ ಬಿಟ್ಟಿದ್ದಾಳೆ. ಸ್ಕ್ಯಾನ್ ರಿಪೋರ್ಟ್ ಮಂಗಳವಾರ.

ಮಾರ್ಚ್ 10, ಮಂಗಳವಾರ

ಡಾಕ್ಟರು ನನ್ನನ್ನೂ ಅಣ್ಣನನ್ನೂ ಮಾತ್ರ ಒಳಗೆ ಕರೆದರು. ಗಡ್ಡೆ. ಕೆಟ್ಟ ಜಾತಿಯದು. ಹರಡಿದೆ. ಆಪರೇಷನ್ ಮಾಡಿದರೆ ಒಂದು ವರ್ಷ ಸಿಗಬಹುದು, ಈ ವಯಸ್ಸಿಗೆ ಟೇಬಲ್ ಮೇಲಿಂದ ಏಳದೆಯೂ ಇರಬಹುದು. ಮಾಡದಿದ್ದರೆ ನಾಲ್ಕೋ ಐದೋ ತಿಂಗಳು.

ಕಾರಿಡಾರಿನಲ್ಲಿ ಅಣ್ಣ ಎರಡು ನಿಮಿಷದಲ್ಲಿ ತೀರ್ಮಾನ ಮಾಡಿದ. "ಅಮ್ಮಂಗೆ ಹೇಳೋದು ಬೇಡ. ಪಿತ್ತಕೋಶದಲ್ಲಿ ಕಲ್ಲು ಅನ್ನೋಣ. ಹೇಳಿದ್ರೆ ಎದೆ ಒಡ್ಕೋತಾಳೆ."

"ಫಾರ್ಮ್‌ಗೆ ಅವಳೇ ಸಹಿ ಹಾಕ್ಬೇಕಲ್ಲ?"

"ಓದಿ ಹೇಳೋಳು ನೀನೇ ತಾನೆ?"

ಹೌದು. ಅವಳ ಕಣ್ಣಿಗೆ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಸಬ್‌ಟೈಟಲ್ಲೂ ನಾನೇ, ಫಾರ್ಮೂ ನಾನೇ. ತಲೆಯಾಡಿಸಿದೆ.

ಅಮ್ಮ ಹೊರಗೆ ಬೆಂಚಿನ ಮೇಲೆ. ತೊಡೆಯ ಮೇಲೆ ತಾನೇ ಹೊಲಿದ ಚೀಲ. "ಆ ನರ್ಸಮ್ಮನ ಎಡಗಡೆ ತೋಳು ಒಂದಿಂಚು ಉದ್ದ. ಯಾರು ಹೊಲಿದ್ರೋ. ಏನಂದ್ರು?"

"ಕಲ್ಲಂತೆ ಅಮ್ಮಾ. ಪಿತ್ತಕೋಶದಲ್ಲಿ. ಚಿಕ್ಕ ಆಪರೇಷನ್. ಇಪ್ಪತ್ಮೂರನೇ ತಾರೀಖು."

ಕನ್ನಡಕ ಒರೆಸಿ ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತಿದ್ದಳು. ಒಂದು ಸಲ ಸಿಕ್ಕಿಕೊಂಡಿತು. ಮತ್ತೆ ಎಳೆದಳು. "ಹೂಂ. ನಡಿ, ಬಸ್ ಹೋಗಿಬಿಡತ್ತೆ."

ನಂಬಿದಳು. ಇಷ್ಟು ಸುಲಭ ಅಂದುಕೊಂಡಿರಲಿಲ್ಲ.

ಮಾರ್ಚ್ 12, ಗುರುವಾರ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಇಬ್ಬರಿಗೆ ತಪ್ಪು ಲೆನ್ಸ್ ಆರ್ಡರ್ ಹಾಕಿದೆ. ಯಜಮಾನರು ಬಯ್ಯಲಿಲ್ಲ. ಬೈದಿದ್ದರೆ ಅಲ್ಲೇ ಅತ್ತು ಹಗುರಾಗುತ್ತಿದ್ದೆ.

ಮನೆಯಲ್ಲಿ ನಗುತ್ತಾ ಇರುತ್ತೇನೆ. ಭುಜ ನೋಯುತ್ತದೆ.

ಮಾರ್ಚ್ 14, ಶನಿವಾರ. ಸಂಜೆ 5

ಹೊಸ ಮಾತ್ರೆ ಅಮ್ಮನಿಗೆ ಮಂಪರು ತರಿಸುತ್ತಿದೆ. ಹನ್ನೊಂದನೇ ಕಂತು ಶುರುವಾಗಿ ಹತ್ತು ನಿಮಿಷಕ್ಕೇ ಕುರ್ಚಿಯಲ್ಲಿ ನಿದ್ದೆ ಹೋದಳು. ಒಬ್ಬಳೇ ನೋಡಿದೆ. ಪಟ್ಟಿ ಇಲ್ಲದೆ, ಸೌಂಡ್ ಇಟ್ಟುಕೊಂಡು.

ಛತ್ರಿ ಹುಡುಗಿಯ ತಮ್ಮ ಮೀನು ಹಿಡಿಯುವ ದೋಣಿಯಲ್ಲಿ ಹೋಗಿದ್ದ. ದೋಣಿ ಮುಳುಗಿದೆ. ಇವಳು ತಾಯಿಗೆ ಹೇಳುತ್ತಾಳೆ — ಕಾಗದ ಬಂದಿದೆ, ಚೆನ್ನಾಗಿದ್ದಾನೆ, ಕೋಟು ಸಾಲುತ್ತಿಲ್ಲವಂತೆ ಅಂತ. ಆ ಕೋಟಿನ ಮಾತಿಗೆ ನನಗೆ ತಡೆಯಲಾಗಲಿಲ್ಲ. ಎಷ್ಟು ಚೆನ್ನಾಗಿ ಸುಳ್ಳು ಹೇಳಿದಳು! ತಾಯಿಗೆ ಒಂಚೂರೂ ಅನುಮಾನ ಬರಲಿಲ್ಲ.

ಅಮ್ಮನ ಧಾಟಿಯಲ್ಲೇ ನಾನೇ ಬರೆದೆ. "ಛತ್ರಿ ಹುಡುಗಿ — ಒಂಬತ್ತು. ಇಷ್ಟು ದಿನದಲ್ಲಿ ಇವತ್ತು ನಟಿಸಿದಳು." ಗುಂಪಿಗೆ ಹಾಕಿಯೂ ಬಿಟ್ಟೆ.

ಎಬ್ಬಿಸಲು ಮನಸ್ಸು ಬರಲಿಲ್ಲ ಅಂತ ಬರೆಯಬಹುದು. ನಿಜ ಅದಲ್ಲ. ಅವಳು ಆ ದೃಶ್ಯ ನೋಡುವುದು ನನಗೆ ಬೇಕಿರಲಿಲ್ಲ.

ಮಾರ್ಚ್ 15, ಭಾನುವಾರ

"ನಿನ್ನೇದು?" ಅಂದಳು. ಅದರಲ್ಲೇನಿಲ್ಲ ಅಮ್ಮಾ, ಬರೀ ಹಳೇದನ್ನೇ ತೋರಿಸಿದ್ರು ಅಂದೆ. "ಹೂಂ" ಅಂದಳು. ಹನ್ನೆರಡನೇದು ನೋಡಿದೆವು. ಎಲ್ಲರಿಗೂ ಐದು ಕೊಟ್ಟಳು. ಯಾವತ್ತೂ ಹೀಗೆ ಸಾರಾಸಗಟಾಗಿ ಕೊಟ್ಟವಳಲ್ಲ.

ಫಾರ್ಮ್ ನನ್ನ ಬ್ಯಾಗಿನಲ್ಲೇ ಇದೆ. ಅಣ್ಣ ದಿನಾ ಫೋನ್ ಮಾಡುತ್ತಾನೆ — ಸಹಿ ಆಯ್ತಾ, ಸಹಿ ಆಯ್ತಾ.

ಮಾರ್ಚ್ 18, ಬುಧವಾರ. ಸಂಜೆ 7

ಆದದ್ದು ಆದ ಹಾಗೆ ಬರೆಯಬೇಕು.

ಅಂಗಡಿಯಿಂದ ಬಂದಾಗ ಟೀವಿಗೆ ಪಟ್ಟಿ ಅಂಟಿಸಿತ್ತು. ಅಮ್ಮನೇ ಅಂಟಿಸಿದ್ದು. ಗೆರೆ ಎಳೆದಷ್ಟು ನೇರ. ಮಧ್ಯಾಹ್ನ ಅತ್ತಿಗೆ ಬಂದಿದ್ದಳಂತೆ, ಹೊತ್ತು ಹೋಗಲಿ ಅಂತ ತನ್ನ ಫೋನ್ ತೆಗೆದು ಗುಂಪಿನಲ್ಲಿ ಬಂದದ್ದನ್ನೆಲ್ಲ ಓದಿ ಹೇಳಿದಳಂತೆ. ಮೇಷ್ಟ್ರು ಬರೆದಿದ್ದರು: "ಅಳತೆ ಟೇಪು ಸಡಿಲಾಗಿದೆಯಲ್ಲ! ನನಗಿಂತ ಒಂದು ಜಾಸ್ತಿ ಕೊಟ್ಟಿದ್ದೀರಿ. ಆರೋಗ್ಯ ಸರಿ ಇದೆ ತಾನೆ?"

"ಒಂಬತ್ತು ಕೊಟ್ಟಿದೀನಂತೆ ನಾನು?" ಅಂದಳು ಅಮ್ಮ.

ಬ್ಯಾಗು ಕೆಳಗಿಟ್ಟೆ.

"ಹಾಕು. ಒಂಬತ್ತು ಹೇಗಿರತ್ತೆ ಅಂತ ನಾನೂ ನೋಡ್ತೀನಿ."

ಹಾಕಿದೆ. ಮ್ಯೂಟ್. ಅಡುಗೆಮನೆ. ತಾಯಿ ಎರಡು ಬಟ್ಟಲು ಮುಂದಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಾಳೆ. ಛತ್ರಿ ಹುಡುಗಿ ಬಾಗಿಲಲ್ಲಿ ನಿಂತು ಮಾತಾಡುತ್ತಾಳೆ, ನಗುತ್ತಾಳೆ, ಕೈ ಅಗಲಿಸಿ ಕೋಟಿನ ಅಳತೆ ತೋರಿಸುತ್ತಾಳೆ.

"ಎರಡು," ಅಂದಳು ಅಮ್ಮ. "ಭುಜ ನೋಡು, ಕಿವಿಗೆ ಬಂದಿದೆ. ಶುರುವಿಂದ ಕೊನೇ ತನಕ ಉಸಿರೇ ಬಿಟ್ಟಿಲ್ಲ. ಒಂಬತ್ತು ಆ ತಾಯಿಗೆ ಬರ್ಕೋ."

"ಅವಳೇನು ಮಾಡಿದ್ಳಮ್ಮಾ? ಸುಮ್ನೆ ಕೂತು ಬಟಾಣಿ ಸುಲೀತಿದಾಳೆ."

"ಹಿಂದಕ್ಕೆ ಹಾಕು."

ಎರಡು ಸಲ ಹಾಕಿದೆ, ಕಾಣಲಿಲ್ಲ. ಮೂರನೇ ಸಲ ಕಂಡಿತು. ಮಗಳು ಬಾಯಿ ತೆರೆದ ಕೂಡಲೇ ತಾಯಿಯ ಹೆಬ್ಬೆರಳು ನಿಲ್ಲುತ್ತದೆ. ಅರ್ಧ ಬಿಚ್ಚಿದ ಸಿಪ್ಪೆ ಕೈಯಲ್ಲೇ. ಆಮೇಲೆ ಮತ್ತೆ ಸುಲಿಯುತ್ತಾಳೆ, ಮುಖದಲ್ಲಿ ಏನೂ ಇಲ್ಲ. ಆದರೆ ಅಲ್ಲಿಂದಾಚೆ ಕಾಳು ಸಿಪ್ಪೆಯ ಬಟ್ಟಲಿಗೆ ಬೀಳುತ್ತದೆ. ಸಿಪ್ಪೆ ಕಾಳಿನ ಬಟ್ಟಲಿಗೆ.

"ಅವಳಿಗೆ ಗೊತ್ತಾಯ್ತು," ಅಂದಳು ಅಮ್ಮ. "ಮಗಳು ಅಷ್ಟು ಕಷ್ಟಪಟ್ಟು ಹೇಳ್ತಿದಾಳಲ್ಲ, ಹೇಳ್ಕೊಳ್ಲಿ ಅಂತ ಬಿಟ್ಟಿದಾಳೆ. ನೀವೆಲ್ಲ ಮಾತಾಡೋರನ್ನೇ ನೋಡ್ತೀರಿ. ಕೇಳಿಸ್ಕೊಳ್ಳೋರ ಕಡೆ ಯಾರೂ ತಿರುಗೋದೇ ಇಲ್ಲ."

ರಿಮೋಟ್ ತೆಗೆದುಕೊಂಡು ಟೀವಿ ಆರಿಸಿದಳು.

"ಆ ಫಾರ್ಮ್ ತಗೊಂಡ್ ಬಾ. ಇರೋದನ್ನ ಇರೋ ಹಾಗೆ ಓದು."

ಓದಿದೆ. ಮೊದಲ ಸಾಲಿನಲ್ಲೇ ಆ ರೋಗದ ಹೆಸರು. ಅಲ್ಲಿ ನಿಂತೆ. "ಉಸಿರು ಬಿಡು, ಬಿಟ್ಟು ಓದು," ಅಂದಳು. ಪೂರ್ತಿ ಓದಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ವರ್ಷ, ಟೇಬಲ್ಲು, ನಾಲ್ಕೋ ಐದೋ ತಿಂಗಳು... ಒಂದನ್ನೂ ಬಿಡಲಿಲ್ಲ. ಮಧ್ಯೆ ಒಂದೇ ಸಲ "ಹೂಂ" ಅಂದಳು. ನನ್ನ ತಲೆ ಅವಳ ಮಡಿಲಿಗೆ ಯಾವಾಗ ಹೋಯಿತೋ ಗೊತ್ತಿಲ್ಲ.

"ಯಾವಾಗ ಗೊತ್ತಾಯ್ತಮ್ಮಾ ನಿಂಗೆ?"

"ಅವತ್ತೇ. ಬೆಂಚಲ್ಲೇ."

ಈಗ ಹಿಂದಿನ ಪುಟ ತಿರುವಿದೆ. ಹತ್ತನೇ ತಾರೀಖು. ನಾನೇ ಬರೆದಿದ್ದೇನೆ, ಜಿಪ್ ಒಂದು ಸಲ ಸಿಕ್ಕಿಕೊಂಡಿತು ಅಂತ. ಅಮ್ಮ ಹಾಕಿದ ಜಿಪ್ ಸಿಕ್ಕಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು.

ಮಾರ್ಚ್ 19, ಗುರುವಾರ

ಅಣ್ಣ ಬೆಳಿಗ್ಗೆಯೇ ಬಂದ. ನನ್ನ ಮೇಲೆ ಹಾರಾಡಿದ. ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ಲವಾ ನಿಂಗೆ ಅಂತ. ಬರಲ್ಲ ಅಂದೆ.

ಅಮ್ಮ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಟೇಬಲ್ ಮೇಲೆ ಹಾಕಿ ಕತ್ತರಿಸೋ ಕೆಲಸ ನಾನೂ ಮಾಡಿದೋಳೇ ಕಣೋ. ಬಟ್ಟೆ ಇಷ್ಟು ಹಳೇದಾದ್ಮೇಲೆ ಬಿಚ್ಚಬಾರ್ದು. ಮತ್ತೆ ಹೊಲಿಗೆ ನಿಲ್ಲಲ್ಲ. ನಂಗೆ ಆಪರೇಷನ್ ಬೇಡ."

"ನಿಂಗೇನಮ್ಮಾ ಗೊತ್ತಾಗತ್ತೆ, ಡಾಕ್ಟ್ರು ಏನ್ ಹೇಳಿದಾರೆ ಅಂದ್ರೆ —" ಅಂದವನು ಅಲ್ಲೇ ಒಡೆದುಹೋದ. ಐವತ್ತು ವರ್ಷದ ಗಂಡಸು. ಸಿಂಬಳ ಸುರಿಸಿಕೊಂಡು ಅತ್ತ. ಅಮ್ಮ ಅವನ ತಲೆ ಸವರುತ್ತಾ ನನ್ನ ಕಡೆ ತಿರುಗಿದಳು.

"ಇದು ನೋಡು. ಹತ್ತಕ್ಕೆ ಹತ್ತು."

ಮೂವರೂ ನಕ್ಕೆವು. ಆಸ್ಪತ್ರೆಗೆ ಅಣ್ಣನೇ ಫೋನ್ ಮಾಡಿ ಬೇಡ ಅಂದ.

ಸಂಜೆ ಗುಂಪಿಗೆ ತಿದ್ದುಪಡಿ ಹಾಕಿದೆ: "11ನೇ ಕಂತು. ಛತ್ರಿ ಹುಡುಗಿ ಎರಡು. ತಾಯಿ ಒಂಬತ್ತು. ಮೊದಲು ಬರೆದದ್ದು ಟೇಪು ಅಲ್ಲ, ಟೇಪಿನ ಮಗಳು." ಮೇಷ್ಟ್ರು ಸ್ವಲ್ಪ ಹೊತ್ತು ಬಿಟ್ಟು ಬರೆದರು — ಮತ್ತೆ ಹಾಕಿ ಬಟಾಣಿ ನೋಡಿದೆ, ಇಷ್ಟು ವರ್ಷ ಪಾಠ ಹೇಳಿದ್ದೇ ಹೇಳಿದ್ದು, ಕೇಳುವ ಮಕ್ಕಳ ಕೈ ನೋಡಲಿಲ್ಲ ಅಂತ. ಎಂಟು ಕೊಡಲಿಲ್ಲ. ಅಂಕವನ್ನೇ ಕೊಡಲಿಲ್ಲ.

ಮಾರ್ಚ್ 29, ಭಾನುವಾರ

ಕೊನೆಯ ಕಂತು. ಮಂಚವನ್ನೇ ಟೀವಿ ಎದುರಿಗೆ ಎಳೆದಿದ್ದೇವೆ. ನಾನು ಟೀವಿ ನೋಡಲಿಲ್ಲ.

"ಟೀವಿ ಆ ಕಡೆ ಇದೆ," ಅಂದಳು.

"ಎಂಟು ದಿನ ಗೊತ್ತಿಲ್ಲದೋಳ ಹಾಗೆ ಇದ್ಯಲ್ಲ. ಅದಕ್ಕೆಷ್ಟು ಕೊಡ್ಲಿ?"

"ಆರು. ಜಿಪ್ ಹತ್ರ ಸಿಕ್ಕಿಬಿದ್ದೆ."

"ನಾನು ನೋಡ್ಲೇ ಇಲ್ವಲ್ಲ!"

"ಅದಕ್ಕೇ ನಿಂಗೆ ಒಂದು."

ಮೇ 16, ಶನಿವಾರ

ಹೊಸ ಸೀರಿಯಲ್ಲು. ಅಮ್ಮನಿಗೆ ಮಾತಾಡಿದರೆ ಆಯಾಸ. ಹೊದಿಕೆಯ ಹೊರಗೆ ಬೆರಳು ಎತ್ತಿ ಅಂಕ ಕೊಡುತ್ತಾಳೆ. ಐದರ ಮೇಲೆ ಯಾರೂ ಹೋಗಿಲ್ಲ. ಇನ್ನೊಂದು ಕೈ ಎತ್ತಲು ಆಗದೆ ಹಾಗೋ, ನಿಜಕ್ಕೂ ನಟನೆ ಕೆಟ್ಟದ್ದಿದೆಯೋ ಅಂತ ಕೇಳಿದೆ. "ಎರಡೂ," ಅಂದಳು.

ನಗುತ್ತಾ ಇರುವ ಕೆಲಸ ಬಿಟ್ಟಿದ್ದೇನೆ. ಅಳು ಬಂದರೆ ಅವಳೆದುರೇ ಅಳುತ್ತೇನೆ. ಅದಕ್ಕೆ ಬೆರಳು ಎತ್ತುವುದಿಲ್ಲ. ಕೈ ಹಿಡಿದುಕೊಳ್ಳುತ್ತಾಳೆ. ಭುಜದ ನೋವು ಹೋಗಿದೆ.

ಜೂನ್ 27, ಶನಿವಾರ

ಕಂತು ಹಾಕಿದೆ. ಕಣ್ಣು ತೆರೆಯಲಿಲ್ಲ. ಪಟ್ಟಿ ಅಂಟಿಸಿ, ಮ್ಯೂಟ್ ಮಾಡಿ, ಪರದೆಯ ಮೇಲೆ ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ. ಈಗ ಅವನು ಬಂದ, ಈಗ ಅವಳು ಎದ್ದಳು, ಕೈ ಹಿಂದಿದೆ ಅಮ್ಮಾ, ಕೈ ಕಾಣಿಸ್ತಿಲ್ಲ...

ಆಗಸ್ಟ್ 1, ಶನಿವಾರ. ಸಂಜೆ 5

ಅಮ್ಮ ಹೋಗಿ ಇವತ್ತಿಗೆ ಇಪ್ಪತ್ತೊಂದು ದಿನ. ಅಣ್ಣ ಎರಡು ಸಲ ಬಂದು ಹೋದ. ಚೀಲ ಅವನಿಗೆ ಕೊಟ್ಟೆ. ಟೇಪು ನಾನಿಟ್ಟುಕೊಂಡೆ.

ಗುಂಪಿನಲ್ಲಿ ಮೇಷ್ಟ್ರು ಕೇಳುತ್ತಲೇ ಇದ್ದಾರೆ — ಅಳತೆ ಟೇಪು ಎಲ್ಲಿ, ಹೊಸದು ಶುರುವಾಗಿದೆ, ನಾನೊಬ್ಬನೇ ಎಷ್ಟು ಅಂತ ಎಂಟು ಕೊಡಲಿ. ಉತ್ತರ ಬರೆಯಲು ಮೂರು ಸಲ ಕೂತು ಎದ್ದೆ. ಕೊನೆಗೆ, ಅಭಿಪ್ರಾಯವನ್ನೇ ಬರೆದುಬಿಡೋಣ, ಅದರ ಜೊತೆಗೇ ವಿಷಯ ಹೇಳೋಣ ಅಂದುಕೊಂಡೆ.

ಪಟ್ಟಿ ಅಂಟಿಸಿದೆ. ಸೊಟ್ಟಗಾಯಿತು. ಕಿತ್ತು ಮತ್ತೆ ಅಂಟಿಸಿದೆ. ಮ್ಯೂಟ್. ಒಬ್ಬ ಗಂಡಸು ಕಿಟಕಿ ಹತ್ತಿರ ನಿಂತು ಏನೋ ಹೇಳುತ್ತಿದ್ದ. ಅವನನ್ನು ಬಿಟ್ಟು, ಕೂತು ಕೇಳುತ್ತಿದ್ದವಳನ್ನು ನೋಡಿದೆ. ಲೋಟ ಮೇಲಕ್ಕೆತ್ತಿದ್ದಳು. ಲೋಟ ಅರ್ಧದಲ್ಲೇ ನಿಂತಿತು. ಕುಡಿಯಲಿಲ್ಲ, ಕೆಳಗಿಡಲೂ ಇಲ್ಲ. ನಾನೇ ಕಂಡುಹಿಡಿದೆ, ಮೊದಲನೇ ಸಲಕ್ಕೇ. ಖುಷಿಗೆ ಮಂಚದ ಕಡೆ ತಿರುಗಿ ಕೇಳಿಯೇಬಿಟ್ಟೆ, ಜೋರಾಗಿ — ಅಮ್ಮಾ, ಇದಕ್ಕೆಷ್ಟು?

ಮಂಚದ ಮೇಲೆ ಮಡಿಸಿಟ್ಟ ಹೊದಿಕೆ. ಉಸಿರು ಹಿಡಿದುಕೊಳ್ಳೋಕೆ ಟೈಮೇ ಇರಲಿಲ್ಲ.