ಎಡಗೈ ಹೊಲಿಗೆ

ಬೆಟ್ಟದಪುರ,
೧೧ ಡಿಸೆಂಬರ್ ೨೦೨೪

ಪ್ರೀತಿಯ ತಮ್ಮ ಮೂರ್ತಿಗೆ,

ನಿನ್ನ ಮಂಡಿನೋವು ಇಳಿಯಿತೇ? ನಿನ್ನ ಹೆಂಡತಿ ಕರುಣಳ ಕೆಮ್ಮು ಹೇಗಿದೆ? ಬೇಗೂರಿನ ಕಡೆ ಈಗ ಚಳಿ ಜಾಸ್ತಿ, ಬಿಸಿನೀರು ಕುಡಿಯಲು ಅವಳಿಗೆ ಹೇಳು. ನೀನು ಹೇಳಿದರೆ ಕೇಳಳು, ನಾನು ಹೇಳಿದೆ ಎನ್ನು. ಇಲ್ಲಿ ನಿನ್ನ ಮಗಳು ನಂದಿತಾ ಚೆನ್ನಾಗಿದ್ದಾಳೆ. ಓದು ಮುಗಿಸಿ ನನ್ನ ತಂಬಾಕಿನ ಕೆಲಸವನ್ನೆಲ್ಲ ತಾನೇ ಹೊತ್ತಿದ್ದಾಳೆ. ಈ ಕಾಗದ ಅವಳ ಬಗ್ಗೆಯೇ.

ಮೊನ್ನೆ ಸೋಮವಾರ ಹರಾಜಿಗೆ ಹೋಗಿದ್ದೆವು. ಗೋಣಿಯಲ್ಲಿ ಹೊಲಿದ ನಮ್ಮ ಎಲೆಯ ಬೇಲ್ ಬಿಚ್ಚಿದವರು ಮೇಲಿನ ಎಲೆಯ ಬಣ್ಣ ನೋಡಿಯೇ ಒಳ್ಳೆಯ ದರ್ಜೆ ಹಾಕಿದರು. ಅಷ್ಟರಲ್ಲಿ ನಂದಿತಾ ಮುಂದೆ ಹೋಗಿ, "ಸಾರ್, ನಡುವೆ ಒದ್ದೆ ಎಲೆ ಅವೆ. ಆರ್ಸೋಕೆ ಸೋಮಾರಿತನ ಮಾಡಿ ನಾನೇ ತುಂಬಿದ್ದು. ವಾಪಸ್ ತಗೋತೀನಿ" ಅಂದಳು. "ಮೂರ್ತಿ ಮಗ್ಳು ವ್ಯಾಪಾರ ಕಲೀನಿಲ್ಲ ಕಣ್ಲಾ" ಎಂದು ಯಾರೋ ನಕ್ಕರು. "ವ್ಯಾಪಾರ ನಾಳೆ ಕಲೀತೀನಿ ಬುಡಣ್ಣ" ಎಂದು ಬೇಲ್ ಹೊರಗೆ ಎಳೆಸಿದಳು. ಅವಳ ಸೋದರತ್ತೆ ಎನ್ನಿಸಿಕೊಳ್ಳುವುದಕ್ಕೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ ಕಣೋ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಮನೆಗೆ ಬಂದ ಮೇಲೆ ನೀನು ನೆನಪಾದೆ. ಹನ್ನೆರಡು ವರ್ಷದ ಹಿಂದೆ ಅದೇ ಜಾಗದಲ್ಲಿ ಪಕ್ಕದ ಹೊಲದ ಗೋವಿಂದಯ್ಯ ಮೋಸಗಾರನೆನ್ನಿಸಿಕೊಂಡು ನಿಂತಿದ್ದ. ಎಲೆ ಬೇಯಿಸಲು ನಮಗೂ ಅವನಿಗೂ ಒಂದೇ ಬ್ಯಾರನ್. ಅವನ ಒಳ್ಳೆಯ ಎಲೆಯನ್ನು ನಮ್ಮ ಬೇಲ್‌ಗೆ ಹಾಕಿ, ನಮ್ಮ ಕೊಳೆತ ಎಲೆಯನ್ನು ಅವನ ಬೇಲ್‌ನ ನಡುವೆ ಸೇರಿಸಿದವನು ನೀನು. ಬಾಯಿ ಬಿಡಲಿಲ್ಲ, ಊರು ಬಿಟ್ಟೆ, ಚರ್ಚಿನ ಸಭೆಯನ್ನೂ ಬಿಟ್ಟೆ. ನಂದಿತಾಳಿಗೆ ಇದೊಂದೂ ತಿಳಿಯದು.

ಈಸ್ಟರಿಗೆ ಕರೆದಾಗ ನೀನು, "ನಂಗ್ಯಾವ ರಕ್ಷಣೆ ಬುಡಕ್ಕ, ನನ್ ಪಾಪಕ್ಕೆ ಆ ಬಾಗ್ಲು ತೆಗೆಯಾಕಿಲ್ಲ" ಅಂದೆ. ಅದನ್ನು ವಿನಯ ಅಂದುಕೊಂಡಿದ್ದೆ. ಶಿಲುಬೆ ಹೊತ್ತವನಿಗೆ ನಿನ್ನೊಬ್ಬನ ಪಾಪ ಹೊರಲಾಗದು ಎನ್ನುವುದು ಎಂಥ ವಿನಯವಪ್ಪ? ಒದ್ದೆ ಎಲೆಯನ್ನು ಒಳಗಿಟ್ಟು ಹೊಲಿದರೆ ಅದು ತಾನಾಗಿ ಬಿಸಿಯೇರಿ ಸುತ್ತಲಿನದನ್ನೂ ಕೊಳೆಸುತ್ತದೆ. ಹೊರಗಿನಿಂದ ಯಾರೂ ಬೆಂಕಿ ಹಚ್ಚಬೇಕಾಗಿಲ್ಲ. ರಕ್ಷಣೆ ಬೇಡವೆಂದವನ ನರಕವೂ ಹೀಗೇ, ಬದುಕಿರುವಾಗಲೇ ಶುರುವಾಗುತ್ತದೆ. ಈಗಲಾದರೆ ಬಿಚ್ಚಬಹುದು. ಸತ್ತ ಮೇಲೆ ಬಿಚ್ಚಲು ಬರುವುದಿಲ್ಲ.

ನಿನ್ನ ಮಗಳಿಗೆ ಬಂದ ಧೈರ್ಯ ನಿನಗೂ ಬರಲಿ. ಪ್ರಭುವಿನ ಕೃಪೆ ನಿಮ್ಮ ಮನೆಯ ಮೇಲಿರಲಿ.

ನಿನ್ನ ಅಕ್ಕ,
ಸುಗುಣಮ್ಮ

ತಾ.ಕ.: ನಿನ್ನೊಬ್ಬನನ್ನೇ ದೂರಿ ಬರೆದುಬಿಟ್ಟೆ. ಗೋವಿಂದಯ್ಯನ ಆ ಬೇಲನ್ನು ಮತ್ತೆ ಹೊಲಿದವಳು ನಾನು. ನೀನು ಎಲೆ ಸೇರಿಸಿದ್ದನ್ನು ನೋಡಿಯೂ ದಬ್ಬಣ ನಿಲ್ಲಿಸಲಿಲ್ಲ. ನಿನ್ನೆ ಗೋವಿಂದಯ್ಯನ ಜಗಲಿಗೆ ಹೋಗಿ ಇಬ್ಬರದ್ದೂ ಒಪ್ಪಿಕೊಂಡೆ. ಅವನು, "ಗೊತ್ತು ಕಣವ್ವ. ಈ ಊರಲ್ಲಿ ಎಡಗೈಲಿ ಒಲಿಯೋಳು ನೀನೊಬ್ಳೇಯ, ಒಲಿಗೆ ಆ ಕಡೀಕೆ ವಾಲಿತ್ತು. ಒಂದು ವರ್ಸ ಉರ್ಕೊಂಡಿದ್ದೆ, ಆಮೇಲೆ ಮಾಫಿ ಮಾಡ್ಬುಟ್ಟೆ. ಈಸ್ಕೊಳ್ಳಾಕೆ ನೀವಿಬ್ರೂ ಬರ್ನಿಲ್ಲ" ಅಂದ. ಇಷ್ಟು ವರ್ಷ ಕ್ಷಮೆ ಅವನ ಜಗಲಿಯಲ್ಲೇ ಕುಳಿತಿತ್ತು ಮೂರ್ತಿ. ನನ್ನ ಪಾಲು ತಂದುಕೊಂಡೆ. ನಿನ್ನದು ಅಲ್ಲೇ ಇದೆ. ಕ್ರಿಸ್ಮಸ್ಸಿಗೆ ಮೊದಲು ಯಾವ ಬಸ್ಸಿಗೆ ಬರುತ್ತೀ, ಬೇಗ ಬರೆ.