ಹೆರಿಗೆಯಾದ ಮೇಲೆ ನಿಮ್ಮನ್ನು ನೋಡಿದವರು ಯಾರು?

ಶೈಲಾ ಅತ್ತಿಗೆಗೆ,

ಇವತ್ತು ಬೆಳಿಗ್ಗೆ ಅಮ್ಮ ನಿಮ್ಮ ಫೋಟೊಗೆ ಮಲ್ಲಿಗೆ ಹಾರ ಹಾಕಿ ಕೈಮುಗಿದಳು. ನಾನು ಅದನ್ನು ತೆಗೆದು ಅವಳ ಕೈಗೇ ಕೊಟ್ಟೆ. "ಏನೇ ಇದು, ಸತ್ತೋರ್ ಮೇಲೂ ನಿನ್ ಜಗಳಾನಾ?" ಎಂದಳು. ನಿಮ್ಮ ಮೇಲೆ ನನಗೇನು ಜಗಳ? ಟಿವಿ ರಿಮೋಟಿಗೆ ಕಿತ್ತಾಡಿದ್ದು ಬಿಟ್ಟರೆ ನಾವಿಬ್ಬರೂ ಯಾವತ್ತು ಜಗಳವಾಡಿದ್ದೆವು? ಸಿಟ್ಟು ಇಳಿದ ಮೇಲೆ ನಿಮಗೆ ಬರೆಯೋಣ ಎಂದು ಇಷ್ಟು ದಿನ ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದಿಕೊಳ್ಳಿ.

ಬಾಗಲಕೋಟೆ ಕಡೆಯಿಂದ ಚಂದ್ರಾ ಲೇಔಟಿನ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನೀವು ಹೇಳಿದ್ದು ನೆನಪಿದೆ: "ತವರು ಅಂದ್ರ ನನಗ ಅಪ್ಪ ಒಬ್ನ ನೋಡು ಉಷಾ." ಅಮ್ಮನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದಿರಿ. ಹಾಗಾಗಿ ಬಸುರಿಯಾದಾಗ ಹೆರಿಗೆ, ಬಾಣಂತನ ಎಲ್ಲ ನಮ್ಮಲ್ಲೇ ಎಂದಾಯಿತು. ರೆಜಿನಾ ಸಿಸ್ಟರನ್ನು ಹುಡುಕಿಕೊಂಡಿದ್ದೂ ನೀವೇ. ಆಸ್ಪತ್ರೆಯ ಕೆಲಸ ಬಿಟ್ಟು ಸ್ವಂತವಾಗಿ ಮಿಡ್‌ವೈಫ್ ಕೆಲಸ ಮಾಡುತ್ತಿದ್ದವರು. ಬಸಿರಿನಲ್ಲಿ ಮನೆಗೇ ಬಂದು ನೋಡುವುದು, ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಜೊತೆಗಿರುವುದು, ಆಮೇಲೂ ಕೆಲವು ವಾರ ಮನೆಗೆ ಬಂದು ತಾಯಿ ಮಗು ಇಬ್ಬರನ್ನೂ ಗಮನಿಸುವುದು ಅವರ ಕೆಲಸ. "ಸೂಲಗಿತ್ತೀರ ಕಾಲ ಮುಗೀತು ಅಂದ್ಕೊಂಡಿದ್ರೆ, ಈಗ ದುಡ್ಡು ಕೊಟ್ಟು ಕರೆಸ್ತಾರಲ್ಲಪ್ಪ!" ಎಂದು ಅಮ್ಮ ಗೊಣಗಿದಳು. ನೀವು ನಕ್ಕಿರಿ. "ಅತ್ತಿ, ಇವ್ರು ಡಿಗ್ರಿ ಮಾಡಿದ ಸೂಲಗಿತ್ತಿ."

ಸಿಸ್ಟರ್ ಮೊದಲ ಸಲ ಬಂದಾಗ ಹೆಲ್ಮೆಟ್ ತೆಗೆಯುವ ಮುಂಚೆಯೇ ಕಾಫಿ ಕೇಳಿದ್ದರು. ಸಕ್ಕರೆ ಸಾಲದು ಎಂದು ಮತ್ತೆ ಒಳಗೆ ಕಳಿಸಿದ್ದರು. ಮಗುವಿನ ಎದೆಬಡಿತ ಕೇಳಿಸಿದಾಗ ಅಪ್ಪನಾಗಲಿದ್ದ ನಮ್ಮ ಮಂಜಣ್ಣ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಅಮ್ಮನೂ ಕಣ್ಣೊರೆಸಿಕೊಂಡಳು. ಆಗ ಸಿಸ್ಟರ್ ಎಲ್ಲರಿಗೂ ಬೇಕಾಗಿದ್ದರು. ಒಂದು ದಿನ ಅವರು ನಮ್ಮನ್ನೆಲ್ಲ ಆಚೆ ಕಳಿಸಿ, ಬಾಗಿಲು ಹಾಕಿ, ನಿಮ್ಮ ಜೊತೆ ತುಂಬ ಹೊತ್ತು ಮಾತಾಡಿದರು. ಅವರು ಹೋದ ಮೇಲೆ ನೋಡಿದರೆ ನಿಮ್ಮ ಕಣ್ಣು ಕೆಂಪಾಗಿತ್ತು. ಏನಾಯ್ತು ಎಂದು ಕೇಳಿದ್ದಕ್ಕೆ ನೀವು ಹೇಳಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ಎಲ್ಲಾರೂ ಹೊಟ್ಟಿ ಹೆಂಗೈತಿ ಅಂತ ಕೇಳ್ತಾರ. ನೀ ಹೆಂಗದಿ ಅಂತ ಕೇಳಿದಾಕಿ ಈಕಿ ಒಬ್ಬಾಕಿನ."

ಹೆರಿಗೆಯ ದಿನ ನೀವು ಮಂಜಣ್ಣನಿಗೆ ಬೈದ ಬೈಗುಳ ಇಡೀ ವಾರ್ಡಿಗೆ ಕೇಳಿಸಿತ್ತು! ಸಿಸ್ಟರ್ ನಿಮ್ಮ ಸೊಂಟ ಒತ್ತುತ್ತಾ, "ಬೈಯಮ್ಮ, ಇನ್ನೂ ಜೋರಾಗಿ ಬೈ" ಎನ್ನುತ್ತಿದ್ದರಂತೆ. ಮಗಳು ಹುಟ್ಟಿದಳು. ಕಪ್ಪು ಕೂದಲು, ನಿಮ್ಮದೇ ಗಲ್ಲ. ಮನೆಗೆ ಹೊರಡುವಾಗ ಸಿಸ್ಟರ್ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: "ತಲೆನೋವು ಜೋರಾದ್ರೆ, ಕಣ್ಮುಂದೆ ಮಿಂಚಿದ ಹಾಗಾದ್ರೆ, ಮುಖ ಕೈ ಊದಿದ್ರೆ ಸುಮ್ನಿರ್ಬೇಡಿ. ಇಷ್ಟು ದಿನ ಬಿಪಿ ಸರಿಯಾಗೇ ಇತ್ತು ನಿಜ. ಆದ್ರೆ ಹೆರಿಗೆ ಆದ್ಮೇಲೂ ಏರಬಹುದು." ಅಮ್ಮ ತಲೆಯಾಡಿಸಿದಳು. ಅಣ್ಣನೂ ತಲೆಯಾಡಿಸಿದ. ನಾನು ಕಣ್ಣಾರೆ ನೋಡಿದ್ದೇನೆ. ನಮಗೆ ಗೊತ್ತಿರಲಿಲ್ಲ ಎಂದು ಈಗ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮನೆಗೆ ಬಂದ ಮಾರನೆಯ ದಿನ ಸಿಸ್ಟರ್ ನಿಮ್ಮ ಕೋಣೆಯ ಕಿಟಕಿ ತೆರೆದರು. ಬಾಯಾರಿಕೆ ಎಂದು ನೀವು ಅಂದಾಗ ತಾವೇ ಅಡುಗೆಮನೆಗೆ ಹೋಗಿ ಚೊಂಬು ತುಂಬ ನೀರು ತಂದರು. ಅಷ್ಟೇ. ಅದಕ್ಕಿಂತ ಬೇರೆ ಅಪರಾಧ ಅವರು ಮಾಡಲಿಲ್ಲ. "ಬಾಣಂತಿಗೆ ನೀರು ಕೊಟ್ರೆ ಮೈ ಊದುತ್ತೆ ಕಣ್ರೀ. ನಾನೂ ಎರಡು ಹೆತ್ತಿದೀನಿ," ಎಂದಳು ಅಮ್ಮ. "ಹಾಲು ಕುಡಿಸೋಳಿಗೆ ಬಾಯಾರ್ಕೆ ಆಗುತ್ತಮ್ಮ, ಕುಡೀಲಿ ಬಿಡಿ," ಎಂದರು ಸಿಸ್ಟರ್. ಅವತ್ತು ಸಂಜೆ ಅಮ್ಮ ಊಟ ಬಿಟ್ಟು ಕೂತಳು. ಮಂಜಣ್ಣ ಕೆಂಗೇರಿಯ ಸ್ಪೇರ್ ಪಾರ್ಟ್ಸ್ ಅಂಗಡಿ ಮುಚ್ಚಿ ಬಂದವನು ಚಪ್ಪಲಿಯನ್ನೂ ಬಿಡದೆ ಫೋನ್ ಮಾಡಿದ. "ಸಿಸ್ಟರ್, ಇನ್ಮೇಲೆ ಬರೋದು ಬೇಡ. ಮಗು ಆಯ್ತಲ್ಲ, ಚೆನ್ನಾಗೂ ಇದೆ. ಇನ್ನೇನ್ ನೋಡೋದಿದೆ?"

ಇನ್ನೇನು ನೋಡುವುದಿದೆಯಂತೆ! ಅವನ ಹೆಂಡತಿ ಪಕ್ಕದ ಕೋಣೆಯಲ್ಲೇ ಇದ್ದಳಲ್ಲ, ಅವಳು ಕಾಣಲಿಲ್ಲವೇ? ನಾನು ಜಗಳವಾಡಿದೆ. "ನಿಂಗೇನೇ ಗೊತ್ತು? ಮದ್ವೆ ಆಗಿದ್ಯಾ, ಮಕ್ಳನ್ನ ಹೆತ್ತಿದ್ಯಾ?" ಎಂದ. ಅವನು ಎಷ್ಟು ಹೆತ್ತಿದ್ದ, ಅತ್ತಿಗೆ?

ಅದಾದ ಮೇಲಿನ ಸೋಮವಾರ ಸ್ಕೂಲಿಗೆ ಹೊರಡುವ ಮುಂಚೆ ನಿಮ್ಮ ಕೋಣೆಗೆ ಇಣುಕಿದೆ. ಕಿಟಕಿ ಮುಚ್ಚಿತ್ತು, ಸಾಂಬ್ರಾಣಿ ಹೊಗೆ ತುಂಬಿತ್ತು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ನೀವು ಹಣೆಯನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದಿರಿ. "ತಲಿ ಸಿಡ್ಯಾಕ ಹತ್ತೈತಿ ಉಷಾ. ಕಣ್ಣ ಮುಂದ ಮಿಂಚ ಹೊಡದಂಗ ಆಗ್ತೈತಿ." ಬೆರಳು ಊದಿ ಉಂಗುರ ಒಳಗೆ ಹೂತುಹೋಗಿತ್ತು. ಅಮ್ಮನನ್ನು ಕರೆದೆ. "ಶೀತ ಹೊಡ್ದಿದೆ, ಎಣ್ಣೆ ಕಾಯ್ಸಿ ಹಚ್ಚಿದೀನಿ. ಬಾಣಂತಿ ಮೈ ಅಂದ್ಮೇಲೆ ಇದೆಲ್ಲ ಇದ್ದಿದ್ದೇ," ಎಂದಳು. ಆಸ್ಪತ್ರೆಗೆ ಹೋಗೋಣ ಎಂದು ನಾನು ನಿಮ್ಮ ಕೈ ಹಿಡಿದರೆ ನೀವೇ ಬಿಡಿಸಿಕೊಂಡಿರಿ. "ಬ್ಯಾಡ ಬಿಡ. ನನ್ನ ಸಲುವಾಗಿ ಮನ್ಯಾಗ ಜಗಳ ಬ್ಯಾಡ." ಯಾಕೆ ಅತ್ತಿಗೆ? ಇಡೀ ವಾರ್ಡಿಗೆ ಕೇಳುವ ಹಾಗೆ ಬೈದ ಬಾಯಿ ನಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಯಾಕೆ ಹಾಗೆ... ನಿಮ್ಮ ಮೇಲೂ ನನಗೆ ಒಂದು ಹಿಡಿ ಸಿಟ್ಟಿದೆ. ಮುಚ್ಚಿಡುವುದಿಲ್ಲ.

ಬಸ್ ಸ್ಟಾಪಿನಿಂದಲೇ ಸಿಸ್ಟರ್‌ಗೆ ಫೋನ್ ಮಾಡಿದೆ. "ಈಗ್ಲೇ ಹೊರಟೆ," ಎಂದರು. ಅವರು ಬರುತ್ತಾರೆ ಎಂಬ ಧೈರ್ಯದಲ್ಲಿ ಬಸವೇಶ್ವರನಗರದ ನನ್ನ ಸ್ಕೂಲಿಗೆ ಹೋಗಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದೆ. ಆಗ ಮತ್ತೆ ಅವರ ಫೋನ್. "ಉಷಾ, ನಿಮ್ಮಮ್ಮ ಗೇಟ್ ತೆಗೀತಿಲ್ಲ. ಬಾಣಂತಿ ಮಲಗಿದಾಳೆ, ಹೊರಗಿನೋರ್ ಬರ್ಬಾರ್ದು ಅಂತಾರೆ. ನಾನು ಆಂಬುಲೆನ್ಸಿಗೆ ಹೇಳಿದೀನಿ. ನೀವ್ ಬನ್ನಿ." ಮಂಜಣ್ಣನಿಗೆ ಫೋನ್ ಮಾಡಿದರೆ, "ಊಟಕ್ಕೆ ಬಂದಾಗ ನೋಡ್ತೀನಿ ಬಿಡೇ, ಗಿರಾಕಿಗಳಿದಾರೆ," ಎಂದ. ಕೊರಳಲ್ಲಿದ್ದ ಸೀಟಿಯನ್ನೂ ತೆಗೆಯದೆ ಆಟೊ ಹತ್ತಿದೆ. ಸಿಸ್ಟರ್ ಇನ್ನೂ ಗೇಟಿನ ಹೊರಗೇ ನಿಂತಿದ್ದರು, ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಬಿಪಿ ಮಷಿನ್ ಇದ್ದ ಬ್ಯಾಗು ಹೆಗಲಲ್ಲೇ ಇತ್ತು. ಅಮ್ಮ ಗೇಟಿಗೆ ಹಾಕಿದ್ದ ಬೀಗ ತೆಗೆದದ್ದು ನಾನು, ನನ್ನ ಹತ್ತಿರವಿದ್ದ ಕೀಯಿಂದ. ಒಳಗೆ ನಿಮಗೆ ಫಿಟ್ಸ್ ಬಂದಿತ್ತು, ಮಗು ಪಕ್ಕದಲ್ಲಿ ಕಿರುಚುತ್ತಿತ್ತು. ಅಮ್ಮ ನಿಮ್ಮ ಕೈಗೆ ಬೀಗದ ಕೈ ಹಿಡಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ನೀವು ಕಣ್ಣು ಬಿಡಲೇ ಇಲ್ಲ. ಬಿಪಿ ವಿಪರೀತ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಿದೆ ಎಂದರು. "ಹೆರಿಗೆ ಆದ್ಮೇಲೆ ಯಾರೂ ಬಿಪಿ ನೋಡ್ಲಿಲ್ವಾ?" ಎಂದು ಡಾಕ್ಟರು ಕೇಳಿದಾಗ ಅಣ್ಣ ಅಮ್ಮನ ಮುಖ ನೋಡಿದ. ನಮ್ಮ ಹಿಂದೆ ನಿಂತಿದ್ದ ಸಿಸ್ಟರ್ ಒಂದು ಮಾತನ್ನೂ ಆಡಲಿಲ್ಲ. ಆಡಬೇಕಿತ್ತು. ಅಲ್ಲೇ ಕೂಗಬೇಕಿತ್ತು ಅವರು.

ನಿಮ್ಮ ತಿಥಿಯ ದಿನ ಬಂದವರೆಲ್ಲ ಹಣೆಬರಹ ಎಂದರು. ಒಬ್ಬರು ಬಾಣಂತಿ ಸನ್ನಿ ಎಂದರು. ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ, "ಆ ನರ್ಸಮ್ಮ ಕಿಟಕಿ ತೆಗ್ದು ಗಾಳಿ ಹೊಡಿಸಿದ್ದೇ ಇದಕ್ಕೆಲ್ಲ ಕಾರಣ," ಎಂದಳು. ನಿಮ್ಮ ಅಪ್ಪ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದರು. ನಾನು ಎದ್ದು ನಿಂತು ಗೇಟಿನ ಕಥೆ ಹೇಳಿದೆ. ಎಲ್ಲರ ಮುಂದೆ, ಎಲೆ ಹಾಕಿದ ಹೊತ್ತಿನಲ್ಲಿ. ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ನಿಮ್ಮ ಅಪ್ಪ ಊಟ ಮಾಡದೆ ಬಸ್ಸು ಹತ್ತಿದರು.

ವರ್ಷ ತುಂಬುತ್ತಿದ್ದ ಹಾಗೆಯೇ ಅಣ್ಣನಿಗೆ ಇನ್ನೊಂದು ಹೆಣ್ಣು ನೋಡಲು ಹೇರೋಹಳ್ಳಿಗೆ ಹೋದೆವು. ಮಗುವನ್ನು ಎತ್ತಿಕೊಳ್ಳಲು ನಾನು ಬೇಕಾಗಿದ್ದೆ. ಹುಡುಗಿಯ ಹೆಸರು ಭವ್ಯ. ಅವಳ ತಂದೆ ಸಂಕೋಚದಿಂದಲೇ ಕೇಳಿದರು, "ಮೊದಲ್ನೇ ಹುಡ್ಗಿಗೆ ಏನಾಗಿತ್ತಮ್ಮ?" ಅಮ್ಮ ನಿಟ್ಟುಸಿರು ಬಿಟ್ಟಳು. "ಹಾರ್ಟ್ ವೀಕ್ ಇತ್ತು ಪಾಪ. ಅವರಪ್ಪ ನಮ್ಗೆ ಹೇಳ್ದೆ ಮುಚ್ಚಿಟ್ಟು ಮದ್ವೆ ಮಾಡಿದ್ರು."

"ಸುಳ್ಳು," ಎಂದೆ ನಾನು.

"ಮುಚ್ಚೇ ಬಾಯಿ!"

"ಅತ್ತಿಗೆ ಹಾರ್ಟ್ ಕಲ್ಲುಗುಂಡಿನ ಹಾಗಿತ್ತು. ತಲೆನೋವು ಅಂತ ಅತ್ತರು. ನೋಡೋಕೆ ಬಂದ ಮಿಡ್‌ವೈಫನ್ನ ನಮ್ಮನೆ ಗೇಟಲ್ಲೇ ನಿಲ್ಲಿಸಿದ್ವಿ. ಅದಕ್ಕೇ ಸತ್ತರು."

ಭವ್ಯಳ ತಂದೆ ಅಣ್ಣನ ಕಡೆ ತಿರುಗಿದರು. "ಏನಪ್ಪಾ, ನಿಜಾನಾ ಇದು?" ಅಣ್ಣ ಕೈಯಲ್ಲಿದ್ದ ಬಜ್ಜಿ ತಟ್ಟೆಯನ್ನು ಕೆಳಗಿಟ್ಟ. ಆಮೇಲೆ, "ನಿಜ ಸಾರ್. ಬರ್ಬೇಡಿ ಅಂತ ಫೋನ್ ಮಾಡಿದ್ದೂ ನಾನೇ," ಎಂದ. ಅವನನ್ನು ನಾನು ಕ್ಷಮಿಸಿಲ್ಲ. ಆದರೆ ಅವನು ಹಾಗೆ ಹೇಳಿದ್ದು ನಿಮಗೆ ತಿಳಿದಿರಲಿ. ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ನಾನು ಮಾನ ಕಳೆದೆ ಎಂದು ಅಳುತ್ತಿದ್ದಳು.

ಕೆಲವು ದಿನಗಳ ನಂತರ ಭವ್ಯಳೇ ಫೋನ್ ಮಾಡಿದಳು. "ಅಕ್ಕಾ, ನಾನು ಬೇಡ ಅಂದ್ಬಿಟ್ಟೆ. ಬೇಜಾರ್ ಮಾಡ್ಕೋಬೇಡಿ. ನಮ್ಮತ್ಗೆ ಬಸ್ರಿ. ಆ ಸಿಸ್ಟರ್ ನಂಬರ್ ಕೊಡ್ತೀರಾ?" ಕೊಟ್ಟೆ. ಸಿಸ್ಟರ್ ಒಪ್ಪಿಕೊಳ್ಳುವ ಮುಂಚೆ ಭವ್ಯಳ ಅಮ್ಮನನ್ನು ಕೂರಿಸಿಕೊಂಡು, "ಹೆರಿಗೆ ಆದ್ಮೇಲೂ ನಂಗೆ ಬಾಗ್ಲು ತೆಗೀಬೇಕು, ಆಗುತ್ತಾ ಹೇಳಿ," ಎಂದು ಕೇಳಿದರಂತೆ. ಗಂಡು ಮಗು ಹುಟ್ಟಿತು. ಹೇರೋಹಳ್ಳಿಯ ಆ ಅಗೆದು ಹಾಕಿದ ರಸ್ತೆಯಲ್ಲಿ ಸ್ಕೂಟರ್ ಒದ್ದಾಡಿಸಿಕೊಂಡು ಸಿಸ್ಟರ್ ಮತ್ತೆ ಮತ್ತೆ ಹೋದರು. ಬಿಪಿ ನೋಡಿದರು, ತಲೆನೋವು ಕೇಳಿದರು, ಕಾಲು ಒತ್ತಿ ನೋಡಿದರು. ಕೊನೆಯ ಸಲ ಹೋಗಿ ಬಂದ ದಿನ ನನಗೆ ಫೋನ್ ಮಾಡಿ, "ಎಲ್ಲಾ ನಾರ್ಮಲ್ ಉಷಾ," ಎಂದರು. ನಾನು ಡ್ರಿಲ್ ನಿಲ್ಲಿಸಿ ಮಕ್ಕಳನ್ನು ಆಟಕ್ಕೆ ಬಿಟ್ಟುಬಿಟ್ಟೆ.

ಏನೂ ಆಗಲಿಲ್ಲ ಅತ್ತಿಗೆ. ನಿಮಗೆ ಹೇಳಬೇಕಿದ್ದ ಸುದ್ದಿ ಇದೇ. ಒಬ್ಬಳು ಹೆತ್ತಳು, ಒಬ್ಬರು ಬಂದು ನೋಡಿದರು, ಏನೂ ಆಗಲಿಲ್ಲ. ಎಷ್ಟು ಸುಲಭವಿತ್ತು ಎಂದು ನೆನೆದರೆ ಮನೆಯ ಗೋಡೆಗೆ ಗುದ್ದುವ ಹಾಗಾಗುತ್ತದೆ.

ನಿಮ್ಮ ಮಗಳಿಗೆ ಈಗ ಮಾತು ಬಂದಿದೆ. ನಿಮ್ಮ ಅಪ್ಪ ಬಂದಾಗೆಲ್ಲ ಅವರ ಭಾಷೆ ಕಲಿತು "ಬ್ಯಾಡ" ಎನ್ನುತ್ತಾಳೆ. ಇನ್ನು ಸ್ವಲ್ಪ ದಿನಕ್ಕೆ ನಮ್ಮಮ್ಮ ಎಲ್ಲಿ ಎಂದೂ ಕೇಳುತ್ತಾಳೆ. ದೇವರು ಕರ್ಕೊಂಡ ಎಂಬ ಉತ್ತರವನ್ನು ಅಮ್ಮ ಈಗಲೇ ಸಿದ್ಧಮಾಡಿ ಇಟ್ಟಿದ್ದಾಳೆ. ಆ ಉತ್ತರ ನಿಮ್ಮ ಮಗಳಿಗೆ ಸಿಗದ ಹಾಗೆ ನಾನು ನೋಡಿಕೊಳ್ಳುತ್ತೇನೆ, ನಿಮ್ಮಾಣೆ. ದೇವರು ಯಾರನ್ನೂ ಕರೆದಿರಲಿಲ್ಲ ಕಣೇ ಪುಟ್ಟಿ, ನಿಮ್ಮಮ್ಮನನ್ನು ನಾವೇ ಕಳಿಸಿದೆವು ಎಂದು ಹೇಳುತ್ತೇನೆ.

ನಿಮ್ಮ ನಾದಿನಿ,
ಉಷಾ