ಎಡಗಡ್ಡಿ, ಬಲಗಡ್ಡಿ

ರೌಮಾ, ಮಾರ್ಚ್ ೯

ಗ್ರಂಥಾಲಯದ ಕಂಪ್ಯೂಟರ್ ಸಹಾಯಕ ಈರೊ ಅವರಿಗೆ ನಮಸ್ಕಾರ.

ಪಾರ್ಶ್ವವಾಯು ಬಡಿದು ಬೇರೆ ಊರಿನಲ್ಲಿರುವ ತಂಗಿ ಮೇರಿಗೆ ನಾನು ಕಂಪ್ಯೂಟರಿನ ವೀಡಿಯೊ ಕರೆಯಲ್ಲೇ ಲೇಸ್ ಹೆಣೆಯುವುದನ್ನು ಮತ್ತೆ ಕಲಿಸುತ್ತಿದ್ದೆ. ನನ್ನ ಎದುರಿನ ದೀಪಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ನನ್ನ ಎಡಗೈಯಲ್ಲಿನ ನೂಲು ಸುತ್ತಿದ ಕಡ್ಡಿ ಅವಳಿಗೆ ಬಲಕ್ಕೆ ಕಂಡು, ಹೆಣೆದದ್ದನ್ನೆಲ್ಲ ಬಿಚ್ಚಬೇಕಾಗುತ್ತಿತ್ತು. "ಸಾಕು ಬಿಡೇ ಅಕ್ಕಾ, ನನ್ನ ಕೈಲಿ ಇನ್ನಾಗಲ್ಲ" ಎಂದು ಲೇಸನ್ನು ಇಟ್ಟು ಹೆಣೆಯುವ ದಿಂಬನ್ನು ಮಂಚದಡಿ ತಳ್ಳಿದ್ದಳು.

ನೀವು ಫೋನಿನಲ್ಲಿ ಹೇಳಿಕೊಟ್ಟಂತೆ ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದೆ. ಈಗ ನನ್ನ ಕೈಗಳು ಅವಳ ಕೈಗಳಂತೆಯೇ ಕಾಣುತ್ತವೆ. ನಿನ್ನೆ ಬೆರಳುದ್ದ ಲೇಸನ್ನು ತಪ್ಪಿಲ್ಲದೆ ಹೆಣೆದಳು! ದೊಡ್ಡ ಉಪಕಾರವಾಯಿತು.

ಆದರೆ ಕ್ಯಾಮೆರಾಕ್ಕೆ ಮುಖ ತೋರಿಸಿದರೆ ನಾನು ತಲೆಕೆಳಗು. "ಅಯ್ಯೋ, ಬಾವಲಿ ಅಕ್ಕಾ!" ಎಂದು ಮೇರಿ ನಕ್ಕಳು, ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ಹಾಗಾಗಿ ಅದನ್ನು ಸರಿಪಡಿಸಲು ಬರಬೇಡಿ, ಕಾಫಿಗೆ ಬನ್ನಿ.

ನಿಮ್ಮ ಋಣದಲ್ಲಿರುವ
ಹಿಲ್ಕ